ಡೆಲ್ ಷೇರು: ಮಾರಾಟ ಏರುತ್ತಿದೆ ಸರಿ, ದುಡ್ಡು ಯಾರ ಗಲ್ಲಾಪೆಟ್ಟಿಗೆಗೆ?

ಹಳೇ ಲೆಕ್ಕ:
2025ರ ನವೆಂಬರ್‌ನಲ್ಲಿ ಡೆಲ್ ಫಲಿತಾಂಶ ಬಂದಾಗಿನಿಂದ ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಇದೊಂದೇ ಮಾತು. ಎಐ ಚಿಪ್ ಮಾಡುವ ಎನ್‌ವಿಡಿಯಾ ಷೇರು ಕೈತಪ್ಪಿತು, ಈಗ ಡೆಲ್ ಹಿಡಿಯೋಣ ಅಂತ. 2026ರ ಜನವರಿಗೆ ಮುಗಿಯುವ ಹಣಕಾಸು ವರ್ಷದಲ್ಲಿ ಸುಮಾರು 2,500 ಕೋಟಿ ಡಾಲರ್‌ನ ಎಐ ಸರ್ವರ್ ಕಳಿಸುತ್ತೇವೆ ಎಂದು ಕಂಪನಿ ಆಗ ಹೇಳಿತು. ಹಿಂದಿನ ವರ್ಷ ಕಳಿಸಿದ್ದು ಸುಮಾರು 980 ಕೋಟಿ. ಒಂದೇ ವರ್ಷಕ್ಕೆ ಎರಡೂವರೆ ಪಟ್ಟು, ಯಾರಿಗೆ ಆಸೆ ಆಗಲ್ಲ ಹೇಳಿ.

ಆದರೆ ಇಡೀ ಕಂಪನಿಯ ಮಾರಾಟ ನೋಡಿ. 2022ರ ಜನವರಿಗೆ ಮುಗಿದ ವರ್ಷದಲ್ಲಿ 10,120 ಕೋಟಿ ಡಾಲರ್. ಮರುವರ್ಷ 10,230. ಆಮೇಲೆ ಧಡ್ ಅಂತ 8,840ಕ್ಕೆ ಬಿತ್ತು. 2025ರ ಜನವರಿಗೆ 9,560. 2026ರ ಜನವರಿಗೆ ಸುಮಾರು 11,170 ಆಗಬಹುದು ಅಂದಿದ್ದಾರೆ. ಅಂದರೆ ಇಷ್ಟೆಲ್ಲ ಗದ್ದಲ ಆದ ಮೇಲೂ ನಾಲ್ಕು ವರ್ಷಕ್ಕೆ ಸೇರಿ ಬೆಳೆದದ್ದು ಶೇ 10ರ ಆಸುಪಾಸು. ಒಂದು ಕಡೆ ಎಐ ಸರ್ವರ್ ಮೇಲೆ ಹೋಗುತ್ತಿದೆ, ಇನ್ನೊಂದು ಕಡೆ ಪಿಸಿ ಸೋರುತ್ತಿದೆ. ಪಿಸಿ ವಿಭಾಗ 2022ರಲ್ಲಿ 6,150 ಕೋಟಿ ಡಾಲರ್ ಇದ್ದದ್ದು 2025ಕ್ಕೆ 4,840 ಆಯಿತು. ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಗೆ ಲ್ಯಾಪ್‌ಟಾಪ್ ತಗೊಂಡರು, ಆ ಹಬ್ಬ ಮುಗಿಯಿತು.

ಇನ್ನು ಲಾಭ. 9,560 ಕೋಟಿ ಮಾರಿ ನಿವ್ವಳ ಉಳಿದದ್ದು ಸುಮಾರು 460 ಕೋಟಿ. ನೂರು ರೂಪಾಯಿ ವ್ಯಾಪಾರಕ್ಕೆ ಐದು ರೂಪಾಯಿಯೂ ಇಲ್ಲ. ಅದೇ ವರ್ಷ ಎನ್‌ವಿಡಿಯಾ ನೂರಕ್ಕೆ 56 ರೂಪಾಯಿ ಉಳಿಸಿಕೊಂಡಿತು. ಒಂದೇ ಪೆಟ್ಟಿಗೆ, ಒಳಗಿನ ಚಿಪ್ ಅವರದು, ಡಬ್ಬ ಇವರದು. ಬೆಳವಣಿಗೆ ಇಲ್ಲ ಅಂತ ನನ್ನ ತಕರಾರಲ್ಲ. ಅದು ಡೆಲ್ ಬಾಗಿಲಿಂದ ಒಳಗೆ ಬಂದು ಹಿತ್ತಿಲಿಂದ ಆಚೆ ಹೋಗುತ್ತಿದೆ ಅಂತ.

ಸರ್ವರ್ ರೂಮು:
ಸ್ವಾಮಿ, ಇದೇ ಮಾತನ್ನು 2018ರಿಂದ ಕೇಳುತ್ತಿದ್ದೇನೆ. 2013ರಲ್ಲಿ ಷೇರುಪೇಟೆ ಬಿಟ್ಟಿದ್ದ ಕಂಪನಿ ಆ ಡಿಸೆಂಬರ್ ಕೊನೆಯಲ್ಲಿ ಮತ್ತೆ ಮಾರುಕಟ್ಟೆಗೆ ಬಂದಾಗ ಷೇರು 46 ಡಾಲರ್ ಸುತ್ತಮುತ್ತ ಇತ್ತು. ಆಗಲೂ ಸಾಲದ ಗುಡ್ಡ, ಸಾಯುತ್ತಿರುವ ಪಿಸಿ ಅಂತ ಎಲ್ಲ ಪಂಡಿತರೂ ಹೇಳಿದರು. 2021ರಲ್ಲಿ ತನ್ನ ಕೈಯಲ್ಲಿದ್ದ ಸಾಫ್ಟ್‌ವೇರ್ ಕಂಪನಿ ವಿಎಂವೇರ್ ಬೇರೆ ಮಾಡಿದಾಗ ಪ್ರತಿ ಡೆಲ್ ಷೇರಿಗೆ 0.44 ವಿಎಂವೇರ್ ಷೇರು ಪುಕ್ಕಟೆ ಸಿಕ್ಕಿತು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಸೂಚ್ಯಂಕ ಎಸ್ ಅಂಡ್ ಪಿ 500ಕ್ಕೆ ವಾಪಸ್ ಸೇರಿತು. ಅನುಮಾನ ಪಟ್ಟವರು ಕೈ ಹಿಸುಕಿಕೊಂಡರು, ಅಷ್ಟೇ.

ಇನ್ನೊಂದು. ನೀವು ಇಡೀ ಕಂಪನಿಯನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೀರಿ. ಡೆಲ್ ಕೊಂಡ ಇಎಂಸಿ ಕಂಪನಿಯಿಂದ ಬಂದ ಸ್ಟೋರೇಜ್ ವ್ಯಾಪಾರ, ಅಂದರೆ ಡೇಟಾ ಕೂಡಿಡುವ ಯಂತ್ರಗಳದ್ದು, ಒಂದು ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್. ಅದರಲ್ಲಿ ಮಾರ್ಜಿನ್, ಅಂದರೆ ಮಾರಾಟದಲ್ಲಿ ಉಳಿಯುವ ಲಾಭದ ಪಾಲು, ಚೆನ್ನಾಗಿದೆ. ಸರ್ವರ್ ತಗೊಂಡವನು ನಾಳೆ ಸ್ಟೋರೇಜ್ ತಗೊಳ್ಳುತ್ತಾನೆ, ನೆಟ್‌ವರ್ಕ್ ತಗೊಳ್ಳುತ್ತಾನೆ, ಸರ್ವಿಸ್ ಒಪ್ಪಂದ ಮಾಡುತ್ತಾನೆ. ಎಐ ಪೆಟ್ಟಿಗೆ ಬಾಗಿಲು ತೆಗೆಯುವ ಕೀಲಿಕೈ.

ಅಡಿಕೆ ಮಂಡಿ:
ನಾನು ಶಿರಸಿ ಕಡೆಯವನು, ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಮಂಡಿ ವ್ಯಾಪಾರ. ಹಳೇ ಲೆಕ್ಕದವರು ಹೇಳಿದ್ದು ನನಗೆ ತಕ್ಷಣ ಅರ್ಥ ಆಯಿತು. ಅಡಿಕೆಗೆ ಒಳ್ಳೆ ದರ ಬಂದ ವರ್ಷ ನಮ್ಮ ಖಾತೆಯಲ್ಲಿ ಓಡಾಡುವ ದುಡ್ಡು ನೋಡಿದರೆ ಯಾರು ಬೇಕಾದರೂ ಹೆಣ್ಣು ಕೊಡುತ್ತಾರೆ. ಉಳಿಯುವುದು ದಲ್ಲಾಳಿ ಕಮಿಷನ್ ಮಾತ್ರ. ದರ ಎರಡು ಪಟ್ಟಾದರೆ ವಹಿವಾಟು ಎರಡು ಪಟ್ಟು ಕಾಣುತ್ತದೆ, ಆದರೆ ಹಮಾಲಿ ಖರ್ಚು, ಬಾಕಿ, ಬಡ್ಡಿ ಎಲ್ಲ ಅದರ ಜೊತೆಗೇ ಏರುತ್ತದೆ. ವಹಿವಾಟು ನೋಡಿ ನಮ್ಮನ್ನು ಸಾಹುಕಾರ ಅನ್ನುವವರು ನಮ್ಮ ಮನೆ ಹೆಂಚು ನೋಡಬೇಕು.

ಹಳೇ ಲೆಕ್ಕ:
ಹಹ್ಹ. ಹೋಲಿಕೆ ಅರ್ಧ ಸರಿ, ಇನ್ನರ್ಧ ಇನ್ನೂ ಕಷ್ಟದ್ದು. ದಲ್ಲಾಳಿ ಮಾಲು ತನ್ನ ಹೆಸರಿಗೆ ಬರೆಸಿಕೊಳ್ಳಲ್ಲ ಅಲ್ವಾ? ಡೆಲ್ ಬರೆಸಿಕೊಳ್ಳಬೇಕು. ದುಬಾರಿ ಚಿಪ್ ಮೊದಲು ಕೊಳ್ಳಬೇಕು, ಸರ್ವರ್ ಪೇರಿಸುವ ರ‍್ಯಾಕ್ ಜೋಡಿಸಬೇಕು, ಗ್ರಾಹಕನ ಡೇಟಾ ಸೆಂಟರ್‌ಗೆ ಕರೆಂಟು ಬರುವ ತನಕ ಕಾಯಬೇಕು, ಆಮೇಲೆ ದುಡ್ಡು. ಮಧ್ಯೆ ಹೊಸ ಪೀಳಿಗೆಯ ಚಿಪ್ ಬಂದರೆ ಹಳೆಯದನ್ನು ಯಾರೂ ಕೇಳಲ್ಲ.

ತಮಾಷೆ ಏನೆಂದರೆ ಈ ಕಂಪನಿ ದೊಡ್ಡದಾದದ್ದೇ ಇದಕ್ಕೆ ತದ್ವಿರುದ್ಧ ದಾರಿಯಲ್ಲಿ. ಮೈಕಲ್ ಡೆಲ್ 1984ರಲ್ಲಿ ಆಸ್ಟಿನ್‌ನ ಕಾಲೇಜು ಹಾಸ್ಟೆಲ್ ಕೋಣೆಯಲ್ಲಿ 1,000 ಡಾಲರ್ ಇಟ್ಟುಕೊಂಡು ಶುರು ಮಾಡಿದ್ದು. ಅಂಗಡಿ ಇಲ್ಲ, ಗೋದಾಮು ಇಲ್ಲ. ಗ್ರಾಹಕ ಫೋನ್ ಮಾಡಿ ದುಡ್ಡು ಕೊಟ್ಟ ಮೇಲೆ ಕಂಪ್ಯೂಟರ್ ಜೋಡಿಸುವುದು, ಬಿಡಿಭಾಗ ಕೊಟ್ಟವನಿಗೆ ಆಮೇಲೆ ನಿಧಾನಕ್ಕೆ ಕೊಡುವುದು. ಬೆಳೆದಷ್ಟೂ ಕೈಯಲ್ಲಿ ದುಡ್ಡು ಜಾಸ್ತಿ. 90ರ ದಶಕದ ಷೇರುದಾರರು ಅದಕ್ಕೇ ಹುಚ್ಚೆದ್ದಿದ್ದರು.

ಇನ್ನೊಂದು ಹಳೇ ಕಥೆ ಇದೆ, ಹೊಸ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 2000ದ ದಶಕದಲ್ಲಿ ಡೆಲ್ ಇಂಟೆಲ್ ಚಿಪ್ ಮಾತ್ರ ಹಾಕುತ್ತಿತ್ತು, ಇಂಟೆಲ್‌ನ ಎದುರಾಳಿ ಎಎಂಡಿ ಹತ್ತಿರ ಸುಳಿಯಲಿಲ್ಲ. ಅದಕ್ಕೆ ಇಂಟೆಲ್ ದುಡ್ಡು ಕೊಡುತ್ತಿತ್ತು. ಅಮೆರಿಕದ ಷೇರುಪೇಟೆ ನಿಯಂತ್ರಕರು, ಅದೇ ಎಸ್‌ಇಸಿ, 2010ರಲ್ಲಿ ಹಾಕಿದ ದೂರಿನಲ್ಲಿ ಲೆಕ್ಕ ಬಿಚ್ಚಿಟ್ಟರು. 2003ರ ಹಣಕಾಸು ವರ್ಷದಲ್ಲಿ ಕಾರ್ಯಾಚರಣೆ ಲಾಭದ ಶೇ 10ರಷ್ಟು ಇಂಟೆಲ್ ದುಡ್ಡು. 2006ಕ್ಕೆ ಶೇ 38. 2007ರ ಮೊದಲ ತ್ರೈಮಾಸಿಕಕ್ಕೆ ಶೇ 76! ಷೇರುದಾರರಿಗೆ ಮಾತ್ರ ಇದು ನಮ್ಮ ದಕ್ಷತೆ, ನಮ್ಮ ವ್ಯಾಪಾರದ ಜಾಣ್ಮೆ ಅಂತಲೇ ಹೇಳುತ್ತಿದ್ದರು ಎಂಬುದು ದೂರು. 2006ರಲ್ಲಿ ಎಎಂಡಿ ಚಿಪ್ ಹಾಕಲು ಶುರು ಮಾಡಿದ ಕೂಡಲೇ ಇಂಟೆಲ್ ಕೈ ಬಿಗಿ ಮಾಡಿತು, ಲಾಭ ಕುಸಿಯಿತು. ಕಂಪನಿ ತಪ್ಪು ಒಪ್ಪದೆ, ಅಲ್ಲಗಳೆಯದೆ 10 ಕೋಟಿ ಡಾಲರ್ ದಂಡ ಕಟ್ಟಿ ಮುಗಿಸಿತು. ಮೈಕಲ್ ಡೆಲ್ ಸ್ವಂತ ಜೇಬಿಂದ 40 ಲಕ್ಷ ಡಾಲರ್.

ನಾನು ಇದನ್ನು ಎತ್ತಿದ್ದು ಹಳೇ ಪಾಪ ಕೆದಕಲಿಕ್ಕಲ್ಲ. ಆಗ ಚಿಪ್ ಮಾಡುವವನು ಡೆಲ್‌ಗೆ ದುಡ್ಡು ಕೊಟ್ಟು ಉಳಿಸಿಕೊಳ್ಳುತ್ತಿದ್ದ. ಈಗ ಡೆಲ್ ಚಿಪ್ ಮಾಡುವವನ ಬಾಗಿಲಲ್ಲಿ ಸಾಲು ನಿಂತಿದೆ. ಜುಟ್ಟು ಯಾರ ಕೈಯಲ್ಲಿದೆ ಅನ್ನುವುದೇ ಬದಲಾಗಿಹೋಗಿದೆ.

ಆಸ್ಟಿನ್ ಪಕ್ಕದವನು:
ನಾನು ಇಲ್ಲಿ ಟೆಕ್ಸಾಸ್‌ನಲ್ಲಿ, ಡೆಲ್ ಮುಖ್ಯ ಕಚೇರಿ ಇರುವ ರೌಂಡ್ ರಾಕ್‌ನಿಂದ ಅರ್ಧ ಗಂಟೆ ದೂರದಲ್ಲಿ ಇದ್ದೇನೆ. ಆ ಕಂಪನಿಯ ನೌಕರ ಅಲ್ಲ, 2013ರಲ್ಲಿ ಒಂದಷ್ಟು ಷೇರು ಇಟ್ಟುಕೊಂಡಿದ್ದ ಬಡಪಾಯಿ.

ಆ ವರ್ಷ ಎಲ್ಲರ ಬಾಯಲ್ಲೂ ಪಿಸಿ ಸತ್ತಿತು ಅನ್ನುವ ಮಾತು. ಜಗತ್ತಿನ ಪಿಸಿ ಮಾರಾಟ ಒಂದೇ ವರ್ಷಕ್ಕೆ ಶೇ 10ರಷ್ಟು ಇಳಿದಿತ್ತು. ಐಪ್ಯಾಡ್ ಬಂದಿತ್ತು. ಆ ಹೊತ್ತಿಗೆ ಮೈಕಲ್ ಡೆಲ್ ಮತ್ತು ಸಿಲ್ವರ್ ಲೇಕ್ ಅನ್ನುವ ಹೂಡಿಕೆ ಸಂಸ್ಥೆ ಸೇರಿ ಕಂಪನಿಯನ್ನೇ ಕೊಂಡು ಮಾರುಕಟ್ಟೆಯಿಂದ ಹೊರಗೆ ಒಯ್ಯುತ್ತೇವೆ ಅಂದರು. ಮೊದಲು ಷೇರಿಗೆ 13.65 ಡಾಲರ್ ಅಂದರು, ದೊಡ್ಡ ಹೂಡಿಕೆದಾರ ಕಾರ್ಲ್ ಐಕಾನ್ ಜಗಳ ತೆಗೆದ ಮೇಲೆ 13.75, ಮೇಲೆ 13 ಸೆಂಟ್ ಡಿವಿಡೆಂಡ್. ಒಟ್ಟು ಸುಮಾರು 2,490 ಕೋಟಿ ಡಾಲರ್. ಬೆಳವಣಿಗೆ ಇಲ್ಲದ ಕಂಪನಿ, ಸಿಕ್ಕಷ್ಟು ಸಾಕು ಅಂತ ನಾನೂ ಕೊಟ್ಟುಬಿಟ್ಟೆ. ಕಾರು ರಿಪೇರಿಗೆ ಆಯಿತು ಆ ದುಡ್ಡು.

ನನಗಿಂತ ದೊಡ್ಡವರು ಇನ್ನೂ ಚೆನ್ನಾಗಿ ಬಿದ್ದರು. ಟಿ ರೋ ಪ್ರೈಸ್ ಅನ್ನುವ ದೊಡ್ಡ ಫಂಡ್ ಸಂಸ್ಥೆ ಈ ಬೆಲೆ ಕಡಿಮೆ ಅಂತ ಬಹಿರಂಗವಾಗಿ ವಿರೋಧ ಮಾಡಿತ್ತು. ಆದರೆ ಅವರ ಮತದಾನದ ವ್ಯವಸ್ಥೆಯಲ್ಲಿ ಏನೋ ಎಡವಟ್ಟಾಗಿ ಅವರ ಮತವೇ ಪರವಾಗಿ ಬಿತ್ತು. 2016ರಲ್ಲಿ ಡೆಲವೇರ್ ಕೋರ್ಟು ನ್ಯಾಯವಾದ ಬೆಲೆ 17.62 ಡಾಲರ್ ಆಗಬೇಕಿತ್ತು ಅಂದಾಗ, ಪರ ಮತ ಹಾಕಿದವರಿಗೆ ಹಕ್ಕೇ ಇಲ್ಲ ಅಂತ ಇವರು ಹೊರಗೆ. ಕೊನೆಗೆ ತಮ್ಮ ಗ್ರಾಹಕರಿಗೆ 19.4 ಕೋಟಿ ಡಾಲರ್ ತಾವೇ ತುಂಬಿಕೊಟ್ಟರು. ಮರುವರ್ಷ ಮೇಲಿನ ಕೋರ್ಟು ಆ 17.62ರ ತೀರ್ಪನ್ನೇ ರದ್ದು ಮಾಡಿತು ಬಿಡಿ, ಅದು ಬೇರೆ ಕಥೆ.

ಹಾಗಾಗಿ ಅನುಮಾನದ ಬಗ್ಗೆ ನನಗೂ ಒಂದು ಅನುಮಾನ ಇದೆ. 2013ರಲ್ಲಿ ಅನುಮಾನ ಪಟ್ಟವರು ಪಿಸಿ ಬಗ್ಗೆ ಸರಿಯಾಗೇ ಹೇಳಿದ್ದರು. ದುಡ್ಡು ಮಾಡಿದವನು ಮಾತ್ರ ಮಾಲೀಕ.

ಸರ್ವರ್ ರೂಮು:
ನೋಡಿದಿರಾ? ಅದನ್ನೇ ನಾನು ಹೇಳುವುದು.

ಹಳೇ ಲೆಕ್ಕ:
ಇಲ್ಲ, ನೀವು ಹೇಳುವುದು ಅದಲ್ಲ. ಮಾಲೀಕ ದುಡ್ಡು ಮಾಡಿದ್ದು ಕಂಪ್ಯೂಟರ್ ಮಾರಿ ಬೆಳೆದದ್ದರಿಂದ ಅಲ್ಲ. ಸಾಲ ಮಾಡಿ ಸುಮಾರು 6,700 ಕೋಟಿ ಡಾಲರ್‌ಗೆ 2016ರಲ್ಲಿ ಇಎಂಸಿ ಕೊಂಡರು. ಅದರ ಹೊಟ್ಟೆಯೊಳಗೆ ವಿಎಂವೇರ್ ಇತ್ತು. ನಿಜವಾದ ಬಂಗಾರ ಅದು, ಸಾಫ್ಟ್‌ವೇರ್. 2021ರಲ್ಲಿ ಅದನ್ನು ಬೇರೆ ಮಾಡುವಾಗ ಭಾರೀ ಡಿವಿಡೆಂಡ್ ತೆಗೆದು ಸಾಲ ತೀರಿಸಿದರು. ಜಾಣ ವ್ಯವಹಾರ, ಟೋಪಿ ತೆಗೆಯುತ್ತೇನೆ. ಆದರೆ ಈಗ ನೀವು ಕೊಳ್ಳುತ್ತಿರುವ ಡೆಲ್‌ನಲ್ಲಿ ವಿಎಂವೇರ್ ಇಲ್ಲ. ಹಲಸಿನ ತೊಳೆ ಯಾರೋ ತಿಂದರು, ನಮಗೆ ರಚ್ಚೆ ತೋರಿಸಿ ಹಣ್ಣು ಅನ್ನುತ್ತಿದ್ದಾರೆ.

2024ರ ಮೇ 31 ನೆನಪಿದೆಯಾ? ಹಿಂದಿನ ದಿನ ಸಂಜೆ ಫಲಿತಾಂಶ. ಎಐ ಸರ್ವರ್ ಮಾರಾಟ ಜಿಗಿದಿದೆ, ಆ ವಿಭಾಗದ ಕಾರ್ಯಾಚರಣೆ ಲಾಭ ಮಾತ್ರ ಇದ್ದಲ್ಲೇ ಇದೆ. ಹಾಗಾದರೆ ಈ ಸರ್ವರ್‌ಗಳನ್ನು ಲಾಭವೇ ಇಲ್ಲದೆ ಮಾರುತ್ತಿದ್ದೀರಾ ಎಂಬ ಅನುಮಾನ ಎದ್ದಿತು. ಬೆಳಗಾದ ಮೇಲೆ ಷೇರು ಒಂದೇ ದಿನ ಶೇ 18ರಷ್ಟು ಬಿತ್ತು. ಮಾರಾಟ ಏರಿದ ದಿನವೇ!

ಸರ್ವರ್ ರೂಮು:
ಬಿತ್ತು, ಒಪ್ಪುತ್ತೇನೆ. ನನ್ನ ಹೊಟ್ಟೆಯಲ್ಲೂ ಅವತ್ತು ತಣ್ಣಗಾಯಿತು. ಆದರೆ ನಾನು ಡೇಟಾ ಸೆಂಟರ್ ಕೆಲಸದವನು, ಡಬ್ಬ ಅಂತ ಕೇಳಿದರೆ ಸಿಟ್ಟು ಬರುತ್ತದೆ. ಈಗಿನ ಒಂದು ರ‍್ಯಾಕ್‌ನಲ್ಲಿ 72 ಜಿಪಿಯು, ಅಂದರೆ ಎಐ ಲೆಕ್ಕ ಮಾಡುವ ಚಿಪ್, ಕೂರುತ್ತವೆ. ಅದು 100 ಕಿಲೋವ್ಯಾಟ್‌ಗೂ ಜಾಸ್ತಿ ಕರೆಂಟು ತಿನ್ನುತ್ತದೆ, ಫ್ಯಾನ್ ಗಾಳಿ ಸಾಲುವುದಿಲ್ಲ, ಪೈಪಿನಲ್ಲಿ ದ್ರವ ಹರಿಸಿ ತಣ್ಣಗೆ ಮಾಡಬೇಕು. ಒಂದು ಕಡೆ ಸೋರಿದರೆ ಕೋಟಿಗಟ್ಟಲೆ ಮಾಲು ಹಾಳು. ಇದನ್ನು ಜೋಡಿಸಿ, ಪರೀಕ್ಷೆ ಮಾಡಿ, ಹೊತ್ತಿಗೆ ಸರಿಯಾಗಿ ತಂದು ನಿಲ್ಲಿಸುವುದು, ಆಮೇಲೆ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎಂಜಿನಿಯರ್ ಕಳಿಸುವುದು, ಇದಕ್ಕೆ ಎಲ್ಲರ ಕೈಲೂ ಆಗುವುದಿಲ್ಲ. ಎಐ ಕಂಪ್ಯೂಟರ್ ಬಾಡಿಗೆಗೆ ಕೊಡುವ ಕೋರ್‌ವೀವ್‌ಗೆ ಎನ್‌ವಿಡಿಯಾದ ಜಿಬಿ300 ರ‍್ಯಾಕ್ ಮೊದಲು ತಲುಪಿಸಿದ್ದು ಡೆಲ್. ಎಲಾನ್ ಮಸ್ಕ್ ಅವರ ಎಕ್ಸ್‌ಎಐ ಮೆಂಫಿಸ್‌ನಲ್ಲಿ ಕಟ್ಟಿದ್ದಕ್ಕೂ ಡೆಲ್ ಸರ್ವರ್ ಹೋಗಿವೆ.

ಹಳೇ ಲೆಕ್ಕ:
ಕೆಲಸ ಕಷ್ಟದ್ದು ಅಂತ ಗೊತ್ತು. ಕಷ್ಟದ ಕೆಲಸಕ್ಕೆಲ್ಲ ಒಳ್ಳೆ ಕೂಲಿ ಸಿಗುವುದಿಲ್ಲ, ಕೊಯ್ಲಿಗೆ ಹೋಗುವವರನ್ನು ಕೇಳಿ. ಮಾಡುವವರು ಹತ್ತು ಜನ ಇದ್ದರೆ ದರ ಇಳಿಯುತ್ತದೆ. ಮೈಕ್ರೋಸಾಫ್ಟ್, ಗೂಗಲ್, ಮೆಟಾ ತರಹದ ಭಾರೀ ಗಿರಾಕಿಗಳು ಹೆಚ್ಚಿನ ಸರ್ವರ್‌ಗಳನ್ನು ತೈವಾನ್‌ನ ಫಾಕ್ಸ್‌ಕಾನ್, ಕ್ವಾಂಟಾದಂಥವರ ಹತ್ತಿರ ನೇರವಾಗಿ ಮಾಡಿಸಿಕೊಳ್ಳುತ್ತಾರೆ. ಹೌದು, ನಮ್ಮ ದೇವನಹಳ್ಳಿ ಹತ್ತಿರ ಐಫೋನ್ ಮಾಡುವ ಅದೇ ಫಾಕ್ಸ್‌ಕಾನ್. ಡೆಲ್ ಪಾಲಿಗೆ ಉಳಿದದ್ದು ಎರಡನೇ ಸಾಲಿನವರು. ಅವರಲ್ಲಿ ಹಲವರು ಸಾಲ ತಂದು ಜಿಪಿಯು ಕೊಳ್ಳುತ್ತಿದ್ದಾರೆ. ಸಾಲ ಕೊಡುವವರು ಒಂದು ತ್ರೈಮಾಸಿಕ ಕೈ ಹಿಂದೆಗೆದರೆ ಆ ಆರ್ಡರ್ ಪುಸ್ತಕದ ಗತಿ?

ಸೂಪರ್‌ಮೈಕ್ರೋ ನೋಡಿ. ಇದೇ ವ್ಯಾಪಾರ, ಇನ್ನೂ ಜೋರು ಬೆಳವಣಿಗೆ. 2024ರ ಆಗಸ್ಟ್‌ನಲ್ಲಿ ಒಟ್ಟು ಮಾರ್ಜಿನ್ ಒಂದು ವರ್ಷದ ಹಿಂದಿನ ಶೇ 17ರಿಂದ 11ರ ಹತ್ತಿರಕ್ಕೆ ಇಳಿದಿದೆ ಅಂತ ಹೊರಬಿತ್ತು, ಷೇರು ನೆಲ ಕಚ್ಚಿತು. ಅಕ್ಟೋಬರ್‌ನಲ್ಲಿ ಆಡಿಟರ್ ಅರ್ನ್ಸ್ಟ್ ಅಂಡ್ ಯಂಗ್ ನಮಗೆ ಬೇಡಪ್ಪ ಅಂತ ಎದ್ದುಹೋಯಿತು. ಡೆಲ್ ಲೆಕ್ಕ ಹಾಗಿದೆ ಅನ್ನುತ್ತಿಲ್ಲ. ಪೈಪೋಟಿ ಮಾರ್ಜಿನ್‌ಗೆ ಏನು ಮಾಡುತ್ತದೆ ಅನ್ನುವುದಕ್ಕೆ ಉದಾಹರಣೆ.

ಸರ್ವರ್ ರೂಮು:
ಸೂಪರ್‌ಮೈಕ್ರೋ ಗಿರಾಕಿಗಳು ಹೆದರಿ ಡೆಲ್ ಕಡೆ ಬಂದರೆ ಲಾಭ ಯಾರಿಗೆ? ಅದನ್ನೂ ಬರೆಯಿರಿ.

ಹೊಸ ಹೂಡಿಕೆ:
ಒಂದು ದಡ್ಡ ಪ್ರಶ್ನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತಲ್ಲ, ಎಲ್ಲ ಕಂಪನಿಗಳೂ ಹೊಸ ಲ್ಯಾಪ್‌ಟಾಪ್ ಕೊಳ್ಳಲೇಬೇಕು ಅಲ್ವಾ? ಅದರ ಮೇಲೆ ಎಐ ಪಿಸಿ ಬೇರೆ ಬಂದಿದೆ. ಪಿಸಿ ವ್ಯಾಪಾರವೂ ಏಳಬೇಕಲ್ಲ?

ಹಳೇ ಲೆಕ್ಕ:
ದಡ್ಡ ಪ್ರಶ್ನೆ ಅಲ್ಲ. ಇಷ್ಟು ದಿನ ಎಲ್ಲರೂ ಇದನ್ನೇ ಕಾಯುತ್ತಿದ್ದರು. ಏಳುತ್ತದೆ, ಏಳಲ್ಲ ಅಂತ ಹೇಳುತ್ತಿಲ್ಲ. ಆದರೆ ಅದು ಮುಂದಿನ ಎರಡು ವರ್ಷದ ಮಾರಾಟವನ್ನು ಈಗಲೇ ಎಳೆದು ತಂದ ಹಾಗೆ. ಕೊಂಡವರು ಮತ್ತೆ ನಾಲ್ಕೈದು ವರ್ಷ ತಿರುಗಿ ನೋಡಲ್ಲ. ಪಿಸಿ ಮಾರಾಟದಲ್ಲಿ ಲೆನೊವೊ ಮೊದಲು, ಎಚ್‌ಪಿ ಎರಡು, ಡೆಲ್ ಮೂರು. ಮೂರನೆಯವನು ದರ ಏರಿಸಿ ಬದುಕಲು ಆಗುವುದಿಲ್ಲ. ಅದರ ಮೇಲೆ ಈಗ ಮೆಮೊರಿ ಚಿಪ್ ದರ ಗಗನಕ್ಕೆ ಏರುತ್ತಿದೆ. ಯಾಕೆ ಗೊತ್ತಾ? ಎಐ ಸರ್ವರ್‌ಗಳಿಗೆ ಮೆಮೊರಿ ಬೇಕು ಅಂತ ತಯಾರಕರು ಆ ಕಡೆ ವಾಲಿದ್ದಾರೆ. ಡೆಲ್‌ನ ಒಂದು ಕೈ ಇನ್ನೊಂದು ಕೈಯ ಅನ್ನ ಕಿತ್ತುಕೊಳ್ಳುತ್ತಿದೆ.

ಎಐ ಪಿಸಿ ಬಗ್ಗೆ: ನನ್ನ ಮಗನ ಹತ್ತಿರ ಒಂದಿದೆ. ಅದರಲ್ಲಿ ಎಐ ಎಲ್ಲಿದೆ ಅಂತ ಕೇಳಿದೆ. ಕೀಬೋರ್ಡಿನ ಮೇಲೆ ಒಂದು ಹೊಸ ಬಟನ್ ತೋರಿಸಿದ.

ಅಡಿಕೆ ಮಂಡಿ:
ಬಟನ್ 🤣

ಇಂದಿರಾನಗರದ ಹಳಬಿ:
ನೀವೆಲ್ಲ ಲಾಭದ ಮಾತಾಡುತ್ತಿದ್ದೀರಿ, ನಾನು ಬೇರೆ ತುದಿಯಿಂದ ನೋಡಿದವಳು. ಡೆಲ್ ಬೆಂಗಳೂರಿನಲ್ಲಿ 2001ರಲ್ಲಿ ಕಾಲ್ ಸೆಂಟರ್ ತೆರೆಯಿತು. ನಮ್ಮ ಓರಗೆಯ ಎಷ್ಟೋ ಜನಕ್ಕೆ ರಾತ್ರಿ ಪಾಳಿ, ಕ್ಯಾಬು, ಮೊದಲ ಸಂಬಳ ಎಲ್ಲ ಇಂಥ ಕಡೆಯೇ. 2003ರ ನವೆಂಬರ್‌ನಲ್ಲಿ ಅಮೆರಿಕದ ಕಾರ್ಪೊರೇಟ್ ಗಿರಾಕಿಗಳ ದೂರು ಜಾಸ್ತಿಯಾಯಿತು ಅಂತ ಒಂದಷ್ಟು ಕರೆಗಳನ್ನು ವಾಪಸ್ ಅಲ್ಲಿಗೇ ಒಯ್ದರು. ಆಗ ಪತ್ರಿಕೆಗಳಲ್ಲಿ ಎಷ್ಟು ಚರ್ಚೆ! ತಪ್ಪು ಇಲ್ಲಿನ ಹುಡುಗರದು ಅನ್ನುವ ಹಾಗೆ ಮಾತಾಡಿದರು. ಖರ್ಚು ಹಿಂಡಿ ಹಿಂಡಿ ಲಾಭ ತೋರಿಸುವ ಅಭ್ಯಾಸ ಅದು, ಹಿಂಡಿದ್ದು ಎಲ್ಲೋ ಒಂದು ಕಡೆ ಹೊರಬರುತ್ತದೆ. 2006ಕ್ಕೆ ಎಚ್‌ಪಿ ಮುಂದೆ ಹೋಯಿತು, ಅದೇ ವರ್ಷ ಬೆಂಕಿ ಹತ್ತುವ ಸೋನಿ ಬ್ಯಾಟರಿ ಅಂತ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿ ವಾಪಸ್ ತಗೊಂಡರು. ಷೇರುಪೇಟೆಯವರಿಗೆ ಆಗ ತಿಳಿಯಿತು.

ಆಪಲ್ ಬಗ್ಗೆ 1997ರಲ್ಲಿ ಮೈಕಲ್ ಡೆಲ್ ಏನು ಹೇಳಿದ್ದರು ನೆನಪಿರಬೇಕಲ್ಲ. ಮುಚ್ಚಿ ಷೇರುದಾರರಿಗೆ ದುಡ್ಡು ವಾಪಸ್ ಕೊಡಬೇಕು ಅಂತ. ಬೇರೆಯವರ ಬೆಳವಣಿಗೆ ಬಗ್ಗೆ ಅನುಮಾನ ಪಡುವುದು ಮಾತ್ರ ಬಹಳ ಸುಲಭ.

ಹಳೇ ಲೆಕ್ಕ:
ಇದು ನನಗೇ ಬಿದ್ದ ಏಟು, ತಗೊಂಡೆ 🙂

ಹೊಸ ಹೂಡಿಕೆ:
ಮೇಲೆ ಯಾರೂ ಮುಂದಿನ ಗುರಿಯ ಬಗ್ಗೆ ಬರೆಯಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಕಂಪನಿ ತನ್ನ ದೀರ್ಘಕಾಲದ ಗುರಿ ಏರಿಸಿತು. ಮಾರಾಟ ವರ್ಷಕ್ಕೆ ಶೇ 7ರಿಂದ 9, ಮೊದಲು 3ರಿಂದ 4 ಇತ್ತು. ಪ್ರತಿ ಷೇರಿನ ಗಳಿಕೆ ಶೇ 15ಕ್ಕೂ ಜಾಸ್ತಿ. ಇದು ಒಳ್ಳೆಯದೇ ಅಲ್ವಾ?

ಹಳೇ ಲೆಕ್ಕ:
ಮಾರಾಟ 8 ಬೆಳೆದರೆ ಷೇರಿನ ಗಳಿಕೆ 15 ಹೇಗೆ ಬೆಳೆಯುತ್ತದೆ ಅಂತ ಕೇಳಿಕೊಳ್ಳಿ. ಒಂದೋ ಮಾರ್ಜಿನ್ ಏರಬೇಕು, ಇಲ್ಲ ಖರ್ಚು ಇಳಿಯಬೇಕು, ಇಲ್ಲ ಕಂಪನಿ ತನ್ನ ಷೇರು ತಾನೇ ಕೊಂಡು ಸಂಖ್ಯೆ ಕಡಿಮೆ ಮಾಡಬೇಕು. ಎಐ ಸರ್ವರ್ ಪಾಲು ಹೆಚ್ಚಾದಷ್ಟೂ ಮಾರ್ಜಿನ್ ಶೇಕಡಾವಾರು ಇಳಿಯುತ್ತದೆ. ಉಳಿದದ್ದು ಜನರನ್ನು ಕಡಿಮೆ ಮಾಡುವುದು ಮತ್ತು ಬೈಬ್ಯಾಕ್. ಎಂಟು ಜನಕ್ಕೆ ಮಾಡಿದ ಹೋಳಿಗೆಯನ್ನು ಏಳು ಜನ ಹಂಚಿಕೊಂಡರೆ ಎಲೆಯಲ್ಲಿ ಜಾಸ್ತಿ ಕಾಣುತ್ತದೆ. ಷೇರುದಾರನಿಗೆ ಅದೂ ದುಡ್ಡೇ, ಬೇಡ ಅನ್ನಲ್ಲ. ಆದರೆ ಅದಕ್ಕೆ ಬೆಳವಣಿಗೆ ಅಂತ ಬೆಲೆ ಕೊಡಬೇಡಿ.

ಲೆಡ್ಜರ್ ಲೀಲಾ:
ಚರ್ಚೆ ಚೆನ್ನಾಗಿದೆ, ಒಂದು ಬೇಸರದ ವಿಷಯ ಸೇರಿಸುತ್ತೇನೆ. ಇಲ್ಲಿಂದ ಅಮೆರಿಕದ ಷೇರು ಇಟ್ಟುಕೊಂಡವರು ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ತುಂಬಲೇಬೇಕು, ಒಂದೇ ಷೇರಿದ್ದರೂ. ಡಿವಿಡೆಂಡ್‌ನಲ್ಲಿ ಶೇ 25 ಅಲ್ಲೇ ಹಿಡಿದು ಕಳಿಸುತ್ತಾರೆ, ಅದಕ್ಕೆ ಇಲ್ಲಿ ಕ್ರೆಡಿಟ್ ಕೇಳಬಹುದು. 24 ತಿಂಗಳು ದಾಟಿ ಮಾರಿದರೆ ಲಾಭಕ್ಕೆ ಶೇ 12.5, ಅದರೊಳಗೆ ಮಾರಿದರೆ ನಿಮ್ಮ ಸ್ಲ್ಯಾಬ್ ಪ್ರಕಾರ. ಕಂಪನಿ ತನ್ನ ನೌಕರರಿಗೆ ಕೊಡುವ ಷೇರು, ಅದೇ ಆರ್‌ಎಸ್‌ಯು, ಆದರೆ ಕೈಗೆ ಬಂದ ದಿನವೇ ಸಂಬಳದ ಹಾಗೆ ತೆರಿಗೆ ಬಿದ್ದಿರುತ್ತದೆ. ಸಂಬಳವೂ ಅಲ್ಲೇ, ಷೇರೂ ಅಲ್ಲೇ ಇಟ್ಟುಕೊಂಡು ಕೂರುವ ಬೆಂಗಳೂರಿನ ಹುಡುಗರನ್ನು ನೋಡಿದರೆ ನನಗೆ ಎದೆ ಧಸಕ್ ಅನ್ನುತ್ತದೆ, ಕಂಪನಿ ಯಾವುದೇ ಇರಲಿ.

ಸರ್ವರ್ ರೂಮು:
ಹಳೇ ಲೆಕ್ಕದವರೇ, ನೇರವಾಗಿ ಹೇಳಿ. ಏನು ಕಂಡರೆ ನೀವು ಕೊಳ್ಳುತ್ತೀರಿ?

ಹಳೇ ಲೆಕ್ಕ:
2026ರ ಫೆಬ್ರವರಿ ಕೊನೆಗೆ ವರ್ಷದ ಲೆಕ್ಕ ಬರುತ್ತದೆ. ಆರ್ಡರ್ ಎಷ್ಟು ಅಂತ ನಾನು ಓದುವುದೇ ಇಲ್ಲ. ಮೂರು ಸಾಲು ನೋಡುತ್ತೇನೆ. ಸರ್ವರ್ ವಿಭಾಗದ ಕಾರ್ಯಾಚರಣೆ ಲಾಭ ಡಾಲರ್‌ನಲ್ಲಿ ಎಷ್ಟು ಏರಿತು, ಶೇಕಡಾ ಬೇಡ. ಸ್ಟೋರೇಜ್ ಬೆಳೆಯಿತಾ, ನಿಮ್ಮ ಕೀಲಿಕೈ ಬಾಗಿಲು ತೆಗೆಯಿತಾ ಅಂತ ಅಲ್ಲಿ ಗೊತ್ತಾಗುತ್ತದೆ. ಗೋದಾಮಿನಲ್ಲಿ ಮಾಲು ಎಷ್ಟು ಕೂತಿದೆ. ಮೊದಲ ಎರಡು ಏರಿ ಮೂರನೆಯದು ಏರದಿದ್ದರೆ ನಿಮ್ಮ ಮನೆಗೆ ಬಂದು ಕಾಫಿ ಕುಡಿದು ಹತ್ತು ಷೇರು ಕೊಳ್ಳುತ್ತೇನೆ.

ಅಡಿಕೆ ಮಂಡಿ:
ನನ್ನ ಹತ್ತಿರ ಹನ್ನೆರಡು ಇದ್ದವು. ಇದನ್ನೆಲ್ಲ ಓದುತ್ತಾ ಓದುತ್ತಾ ನಿನ್ನೆ ರಾತ್ರಿ ಏಳು ಮಾರಿದೆ. ಐದು ಇಟ್ಟುಕೊಂಡಿದ್ದೇನೆ. ಯಾಕೆ ಐದು ಅಂತ ಕೇಳಬೇಡಿ, ಅಪ್ಪನೂ ಅಡಿಕೆ ಹೀಗೇ ಮಾರುತ್ತಿದ್ದರು.